ಜೋಡಿ ಎತ್ತು, ಜೋಡಿ ಹೆಸರು

ಮುಡುಕುತೊರೆ ಜಾತ್ರೆಯಲ್ಲಿ ಎತ್ತು ಕೊಳ್ಳುವವರನ್ನು ನೋಡಿದ್ದೀರಾ ಗೆಳೆಯರೇ? ಹಲ್ಲು ನೋಡಿ, ಸುಳಿ ನೋಡಿ, ಕೊನೆಗೆ ಎರಡನ್ನೂ ಜೊತೆಗೆ ನಡೆಸಿ ನೋಡ್ತಾರೆ. ಒಂದು ಎಳೆದು ಇನ್ನೊಂದು ನಿಂತರೆ ವ್ಯಾಪಾರ ಮುರೀತು!

ನನಗೆ ನೆನಪಾಗುವುದು ದೊರೈ–ಭಗವಾನ್. ದೊರೈರಾಜ್ ಕ್ಯಾಮೆರಾದವರು, ಎಸ್.ಕೆ. ಭಗವಾನ್ ನಿರ್ದೇಶನ ಕಲಿತು ಬಂದವರು. ಒಂದೇ ಸೆಟ್ಟಿಗೆ ಇಬ್ಬರು ಯಜಮಾನರು! ಆದರೂ 1968ರ ‘ಜೇಡರ ಬಲೆ’, 1971ರ ‘ಕಸ್ತೂರಿ ನಿವಾಸ’, 1974ರ ‘ಎರಡು ಕನಸು’... ಯಾವ ಶಾಟ್ ಯಾರದು ಅಂತ ಹೇಳಿ ನೋಡೋಣ! ದೊರೈ 2000ದಲ್ಲಿ ತೀರಿಕೊಂಡರು. 2023ರಲ್ಲಿ ಭಗವಾನ್ ಹೋದಾಗಲೂ ಜನರ ಬಾಯಲ್ಲಿ ಬಂದದ್ದು ಜೋಡಿ ಹೆಸರೇ.

ಪಿಯುಸಿ ಬಿಟ್ಟ ನಾನೂ ನನ್ನ ಗೆಳೆಯನೂ ಸೇರಿ ಒಂದು ಚಿತ್ರಕಥೆ ಬರೆದಿದ್ದೇವೆ. ಯಾರ ಹೆಸರು ಮೊದಲು ಅಂತ ಮೂರು ವಾರದಿಂದ ಮಾತಿಲ್ಲ. ನಾಳೆ ನರಸೀಪುರದ ಬಸ್ಸು ಹತ್ತುತ್ತೇನೆ. ಅವನದೇ ಮೊದಲಿರಲಿ.