ಲಾವಾ ದಿಂಬುಗಳಿಂದ ಸೂಳೆಕೆರೆಯವರೆಗೆ

ಶಾಲಾ ಪ್ರವಾಸವೆಂದರೆ ಜೋಗ, ಹಳೇಬೀಡು, ಮೈಸೂರು. ಜಗಳೂರು ಕಡೆಯ ಮಕ್ಕಳೂ ಅತ್ತಲೇ ಬಸ್ಸು ಹತ್ತುತ್ತಾರೆ. ಭೂಗರ್ಭಶಾಸ್ತ್ರವನ್ನೂ ಇತಿಹಾಸವನ್ನೂ ಒಟ್ಟಿಗೆ ಕಲಿಸುವ ದಾರಿಯೊಂದು ಅವರ ಊರಿನಿಂದಲೇ ಹೊರಡುತ್ತದೆ.

ಜಗಳೂರು ಬರದ ತಾಲ್ಲೂಕು. ಮೆಕ್ಕೆಜೋಳ, ಶೇಂಗಾ ಹೊಲಗಳ ನಡುವೆ ಕುರುಚಲು ಗುಡ್ಡಗಳು. ನಾಲ್ಕು ಕೊಂಬಿನ ಕೊಂಡಕುರಿಗಳಿರುವ ರಂಗಯ್ಯನದುರ್ಗ 2011ರಲ್ಲಿ ವನ್ಯಧಾಮವಾಯಿತು. ಅಲ್ಲಿಂದ ಚಿತ್ರದುರ್ಗ. ಕೋಟೆಯ ಬಂಡೆಗಳನ್ನು ಕಂಡು ಜ್ವಾಲಾಮುಖಿಯ ಕೆಲಸವೆಂದು ತಿಳಿಯುವವರುಂಟು. ಅದು ನೆಲದಾಳದಲ್ಲೇ ತಣಿದ ಗ್ರಾನೈಟ್. ಲಾವಾ ನೋಡಲು ಇನ್ನೂ ಆಗ್ನೇಯಕ್ಕೆ, ಮರಡಿಹಳ್ಳಿಗೆ ಹೋಗಬೇಕು.

ಅಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಪ್ಪು ಹಸಿರು ಕಲ್ಲುಗಳ ರಾಶಿ. ಸುಮಾರು 250 ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ತಳದಿಂದ ಉಕ್ಕಿದ ಲಾವಾ ನೀರಿಗೆ ತಾಗಿದ್ದೇ ಹೊರಮೈ ಗಟ್ಟಿಯಾಯಿತು. ಒಳಗಿನ ಬಿಸಿ ಲಾವಾ ಆ ತೊಗಟೆಯನ್ನು ಒಡೆದು ಪಕ್ಕಕ್ಕೆ ಇನ್ನೊಂದು ದಿಂಬಾಯಿತು. ಪ್ರತಿ ದಿಂಬಿನ ಮೇಲ್ಭಾಗ ಉಬ್ಬಿದೆ, ಕೆಳಭಾಗ ಅಡಿಯ ಸಂದಿಗೆ ಇಳಿದಿದೆ. ಇದನ್ನು ನೋಡಿಯೇ ಕಲ್ಲಿನ ಪದರ ಯಾವ ಕಡೆ ಮೇಲಿತ್ತೆಂದು ತಜ್ಞರು ಹೇಳುತ್ತಾರೆ. 1976ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿತು. ನೆನಪಿಗೆಂದು ಚೂರು ಒಡೆದುಕೊಳ್ಳುವ ಮಕ್ಕಳ ಕೈಯನ್ನು ಮೇಷ್ಟರು ಹಿಡಿಯಲೇಬೇಕು. ಒಡೆದದ್ದು ಮತ್ತೆ ಹುಟ್ಟುವ ಕಲ್ಲಲ್ಲ.

ಹಿಂದಿರುಗಿ ಹೊಳಲ್ಕೆರೆಯ ಮೇಲೆ ಚನ್ನಗಿರಿಗೆ ಬಂದರೆ ಅಡಿಕೆ ತೋಟಗಳ ತಂಪು. ತಾಲ್ಲೂಕಿನ ಹೆಮ್ಮೆ ಸೂಳೆಕೆರೆ, ಈಗಿನ ಹೆಸರು ಶಾಂತಿಸಾಗರ. ಶಾಂತವ್ವ ಎಂಬ ರಾಜಕುಮಾರಿ ಕಟ್ಟಿಸಿದಳೆಂದು ಜನರ ಕತೆ. ಏರಿ ಉದ್ದವೇನೂ ಇಲ್ಲ. ಹರಿದ್ರಾ ಹಳ್ಳ ಎರಡು ಗುಡ್ಡಗಳ ನಡುವೆ ನುಗ್ಗುವ ಕಿರಿದಾದ ಕಣಿವೆಗೆ ಅಡ್ಡ ಕಟ್ಟಿದ್ದಾರೆ, ಅಷ್ಟೇ. ಹಿಂದೆ ನಿಂತ ನೀರಿಗೆ ಮಾತ್ರ ಕಣ್ಣು ಹಾಯಿಸಿದಷ್ಟೂ ದೂರ. ಬೆಳಿಗ್ಗೆ ಕಂಡ ಚಿತ್ರದುರ್ಗಕ್ಕೂ ಕುಡಿಯುವ ನೀರು ಇಲ್ಲಿಂದಲೇ. ಎಂಟು ನೂರು ವರ್ಷ ಬಾಳಿದ ಕೆರೆಗೆ ಈಗ ಹೂಳು ಮತ್ತು ಒತ್ತುವರಿಯ ಕಾಟ.

ಸಂತೇಬೆನ್ನೂರಿನ ಪುಷ್ಕರಣಿಯನ್ನು 16ನೇ ಶತಮಾನದಲ್ಲಿ ಪಾಳೇಗಾರ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ. ನೀರಿನ ನಡುವೆ ವಸಂತ ಮಂಟಪ, ದಡದಲ್ಲಿ ಮುಸಾಫಿರ್‌ಖಾನೆ. ಸಂಜೆಯ ಬಿಸಿಲಿಗೆ ಹೋದವರೇ ಅದೃಷ್ಟವಂತರು.

ಸ್ವಂತ ವಾಹನವಿದ್ದರೆ ಒಂದು ದೀರ್ಘ ದಿನ ಸಾಕು. ಬಸ್ಸಿನಲ್ಲಾದರೆ ಎರಡು ದಿನ ಬೇಕು. ದಾವಣಗೆರೆಯ ಮೇಲೆ ಜಗಳೂರಿಗೆ ಮರಳುವಾಗ ದಾರಿಯ ಕೆರೆಗಳನ್ನೂ ನೋಡಬೇಕು. ತುಂಗಭದ್ರೆಯ ನೀರನ್ನು ಪೈಪಿನಲ್ಲಿ ತಂದು ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆಗೆ ಸೇರಿದವು ಯಾವುವೆಂದು ಊರ ಹಿರಿಯರು ಬೆರಳು ತೋರಿಸಿ ಹೇಳುತ್ತಾರೆ.