ಸಮ್ಮಟಿಗೆ ಹೋದ ಮೇಲೆ

ಕಮ್ಮಾರನ ಎರಡು ಕೈಗಳು ಒಬ್ಬನವೇ ಅನ್ನಿಸುವುದಿಲ್ಲ. ಸುತ್ತಿಗೆ ಹಿಡಿಯುವ ಬಲಗೈಯ ಮಾಂಸ ಮೊಣಕೈ ಕೆಳಗೆ ಉಬ್ಬಿ ಬಿಗಿದಿರುತ್ತದೆ. ಇಕ್ಕಳ ಹಿಡಿಯುವ ಎಡಗೈ ಅಷ್ಟು ತುಂಬಿಕೊಂಡಿರುವುದಿಲ್ಲ, ಆದರೆ ಅದರ ಮೇಲೆಲ್ಲ ಕಿಡಿ ಸಿಡಿದ ಕಪ್ಪು ಚುಕ್ಕೆಗಳು. ಅರಸೀಕೆರೆ ಸೀಮೆಯ ನಮ್ಮೂರಲ್ಲಿ ಆಚಾರ್ರ ಕುಲುಮೆ ನಮ್ಮ ಮನೆಗೆ ಕೂಗಳತೆಯಲ್ಲಿತ್ತು. ಅರವತ್ತರ ದಶಕದ ಕೊನೆಯಲ್ಲಿ, ಇನ್ನೂ ಚಡ್ಡಿ ಹಾಕುವ ವಯಸ್ಸಿನಲ್ಲಿ, ಅಲ್ಲಿ ಹೋಗಿ ಕೂರುವ ಚಟ ಹತ್ತಿತು. ಮೇಷ್ಟ್ರಾಗಿ ನಿವೃತ್ತನಾದ ಮೇಲೂ ಅದು ಬಿಟ್ಟಿಲ್ಲ. ತಿದಿ ಹೋಗಿ ಬ್ಲೋವರ್ ಬಂತು, ನೇಗಿಲು ಹೋಗಿ ಟ್ರ್ಯಾಕ್ಟರ್ ಬಂತು ಅನ್ನುವ ಕತೆಯನ್ನು ಎಲ್ಲರೂ ಹೇಳುತ್ತಾರೆ. ಅಷ್ಟು ವರ್ಷ ಅಲ್ಲಿ ಕೂತು ನಾನು ಕಂಡದ್ದು ಕೈನೋವಿನ ಕತೆ. ಒಂದೊಂದು ಬದಲಾವಣೆ ಬಂದಾಗಲೂ ನೋವು ಒಬ್ಬರ ಮೈ ಬಿಟ್ಟು ಇನ್ನೊಬ್ಬರ ಮೈ ಸೇರಿತೇ ಹೊರತು ಕುಲುಮೆ ಬಿಟ್ಟು ಹೋಗಲಿಲ್ಲ.

ಆಗ ಆ ಕೆಲಸಕ್ಕೆ ಮೂರು ಜನ ಬೇಕು. ತಿದಿ ಒತ್ತಲು ಒಬ್ಬರು. ಅದು ಹೆಚ್ಚಾಗಿ ಆಚಾರ್ರ ತಂದೆ, ಅವರು ಎದ್ದುಹೋದಾಗ ನಮ್ಮಂಥ ಹುಡುಗರು. ಅಡಿಗಲ್ಲಿನ ಮುಂದೆ ಮಣೆ ಹಾಕಿಕೊಂಡು ಕೂತ ಆಚಾರ್ರು. ಎದುರಿಗೆ ನಿಂತು ಸಮ್ಮಟಿಗೆ ಬೀಸುವವರು ಇನ್ನೊಬ್ಬರು. ಆಚಾರ್ರ ಸುತ್ತಿಗೆ ಒಂದೂವರೆ ಕೆಜಿ ಇದ್ದೀತು, ಸಮ್ಮಟಿಗೆ ಅದರ ಮೂರರಷ್ಟು. ಆಚಾರ್ರು ಕಾದ ಕುಳದ ಮೇಲೆ ಸುತ್ತಿಗೆಯಿಂದ ಎಲ್ಲಿ ತಟ್ಟುತ್ತಾರೋ ಮರುಗಳಿಗೆ ಸಮ್ಮಟಿಗೆ ಅಲ್ಲಿಗೇ ಬೀಳಬೇಕು. ಕಬ್ಬಿಣವನ್ನು ನಿಜವಾಗಿ ಎಳೆದು ಚಪ್ಪಟೆ ಮಾಡುತ್ತಿದ್ದದ್ದು ಸಮ್ಮಟಿಗೆಯೇ, ಸುತ್ತಿಗೆಯದು ಜಾಗ ತೋರಿಸುವ ಮತ್ತು ಕೊನೆಗೆ ನಯ ಮಾಡುವ ಕೆಲಸ. ನಡುನಡುವೆ ಆಚಾರ್ರು ಬರೀ ಅಡಿಗಲ್ಲಿನ ಮೇಲೆ ಟಿಣ್ ಟಿಣ್ ಅಂತ ಎರಡೇಟು ಹಾಕುತ್ತಿದ್ದರು. ತಾಳಕ್ಕೆ ಅಂದುಕೊಂಡಿದ್ದೆ. ಕೇಳಿದ್ದಕ್ಕೆ, “ಕೈ ಸುಧಾರಿಸ್ಕಬೇಕಲ್ಲ ಮಗ, ಅದು ತಾನೇ ಎಗರಿ ಮೇಲಕ್ಕೆ ಬತ್ತದೆ, ನಾನು ಎತ್ತಂಗಿಲ್ಲ” ಅಂದರು. ಕಾದ ಕಬ್ಬಿಣ ಏಟನ್ನು ನುಂಗುತ್ತದೆ, ಬರಿಯ ಅಡಿಗಲ್ಲು ವಾಪಸು ಕೊಡುತ್ತದೆ. ಆ ಎರಡು ಏಟಿನಲ್ಲಿ ಅವರ ಮುಂಗೈಗೆ ಬಿಡುವು.

ಸೋಮವಾರ ಎತ್ತು ಕಟ್ಟುವಂತಿಲ್ಲ. ಹಾಗಾಗಿ ಮುಂಗಾರಿನ ಸೋಮವಾರಗಳಲ್ಲಿ ಇಡೀ ಊರಿನ ಕುಳ, ಕುಂಟೆ, ಗುದ್ದಲಿ ಕುಲುಮೆಯ ಮುಂದೆ ಸಾಲುಗಟ್ಟುತ್ತಿದ್ದವು. ಕಾರ್ತಿಕ ಕಳೆದು ರಾಗಿ ಕೊಯ್ಲು ಬಂತೆಂದರೆ ಕುಡ್ಲಿಗೆ ಹಲ್ಲು ಹಾಕಿಸುವವರ ಸರದಿ. ಇದಕ್ಕೆಲ್ಲ ಕೂಲಿ ಕೈಗೆ ಕೊಡುತ್ತಿರಲಿಲ್ಲ, ಸುಗ್ಗಿಯಲ್ಲಿ ಕಣದಲ್ಲೇ ಹಡದೆಯ ಕಾಳು ಅಳೆಯುತ್ತಿದ್ದರು. 1948ರಲ್ಲಿ ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ಇದ್ದು ಅಧ್ಯಯನ ಮಾಡಿದ ಎಂ. ಎನ್. ಶ್ರೀನಿವಾಸ್ ಈ ಪದ್ಧತಿಯ ಬಗ್ಗೆ ಬರೆದಿದ್ದಾರೆ. ಅದರಲ್ಲಿದ್ದ ಮೇಲುಕೀಳಿನ ಲೆಕ್ಕ ನನಗೂ ಗೊತ್ತು, ಹಳೆಯದನ್ನೆಲ್ಲ ಹೊಗಳುವ ಆಸೆ ಇಲ್ಲ. ಆದರೆ ಹಡದೆ ಇಡೀ ಮನೆಗೆ ಸಿಗುವ ಕಾಳಾದ್ದರಿಂದ ಇಡೀ ಮನೆ ಕುಲುಮೆಯಲ್ಲಿ ದುಡಿಯುತ್ತಿತ್ತು. ಕೆಲಸ ಮೂರು ಮೈಗೆ ಹಂಚಿಹೋಗುತ್ತಿತ್ತು. ಅಮಾವಾಸ್ಯೆಯ ದಿನ ಒಲೆ ಹೊತ್ತಿಸುವಂತಿಲ್ಲ. ಅದು ದೇವರ ಲೆಕ್ಕದ ರಜೆ, ಮಣಿಕಟ್ಟಿಗೂ ತಿಂಗಳಿಗೊಮ್ಮೆ ಸಲ್ಲುತ್ತಿತ್ತು.

ಸಮ್ಮಟಿಗೆ ಬೀಸುತ್ತಿದ್ದವರು ಮೊದಲು ಆಚಾರ್ರ ತಮ್ಮ. ಅವರು ಊರಲ್ಲಿಲ್ಲದ ದಿನ ಆಚಾರ್ರ ಹೆಂಡತಿ, ನಮ್ಮೆಲ್ಲರಿಗೂ ಚಿಕ್ಕವ್ವ. ಸೆರಗನ್ನು ಸೊಂಟಕ್ಕೆ ಬಿಗಿದು, ಒಂದು ಕಾಲು ಮುಂದಿಟ್ಟು, ಬೆನ್ನಿನಿಂದ ಬೀಸುತ್ತಿದ್ದರು. ಹೆದ್ದಾರಿ ಬದಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಬೀಡುಬಿಡುತ್ತಿದ್ದ ಬೈಲು ಕಮ್ಮಾರರಲ್ಲೂ ಸಮ್ಮಟಿಗೆ ಇದ್ದದ್ದು ಹೆಂಗಸರ ಕೈಯಲ್ಲೇ. ಗಂಡ ಕೂತು ಇಕ್ಕಳ ಹಿಡಿಯುತ್ತಾನೆ, ಹೆಂಡತಿ ನಿಂತು ಹೊಡೆಯುತ್ತಾಳೆ. ದಾರಿಹೋಕರಿಗೆ ಅದೊಂದು ಸೋಜಿಗ. ಕುಲುಮೆ ಅಂದರೆ ಗಂಡಸರ ಜಾಗ ಅನ್ನುವ ಮಾತು ಎಲ್ಲಿಂದ ಬಂತೋ ನನಗೆ ತಿಳಿಯದು.

ಚಿಕ್ಕವ್ವನಿಗೆ ಕೈನೋವು ಬರುತ್ತಿರಲಿಲ್ಲವೇ? ಬರುತ್ತಿತ್ತು. ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಸೆಳೆತ, ಭುಜದಲ್ಲಿ ಚುಚ್ಚು. ಆದರೆ ಅದಕ್ಕೆ ಯಾರೂ ಕುಲುಮೆಯ ಲೆಕ್ಕ ಹಚ್ಚಲಿಲ್ಲ. ಹಿಟ್ಟಿನ ಕೋಲು ಹಿಡಿದು ಮುದ್ದೆ ತೊಳಸಿದ್ದಕ್ಕೆ ಬಂದದ್ದು, ನೀರು ಸೇದಿದ್ದಕ್ಕೆ ಬಂದದ್ದು ಅಂದುಬಿಟ್ಟರು. ಲಕ್ಕಿ ಸೊಪ್ಪು ಬೇಯಿಸಿದ ನೀರು, ಉಪ್ಪಿನ ಗಂಟಿನ ಕಾವು, ಹರಳೆಣ್ಣೆ ಸವರಿ ಬಿಸಿ ಮಾಡಿದ ಎಕ್ಕದೆಲೆ. ಮಾರನೆಯ ಬೆಳಿಗ್ಗೆ ಮತ್ತೆ ಸಮ್ಮಟಿಗೆ.

ನೋವು ಬಾರದ ಹಾಗೆ ನೋಡಿಕೊಳ್ಳುವ ವಿದ್ಯೆಯೂ ಅಲ್ಲೇ ಇತ್ತು, ಉಪದೇಶವಾಗಿ ಅಲ್ಲ, ಬೈಗುಳವಾಗಿ. ಹೊಸದಾಗಿ ಸುತ್ತಿಗೆ ಹಿಡಿದ ಹುಡುಗ ಹೆಬ್ಬೆರಳನ್ನು ಕಾವಿನ, ಅಂದರೆ ಮರದ ಹಿಡಿಯ, ಬೆನ್ನಿನ ಮೇಲೆ ಉದ್ದಕ್ಕೆ ಊರಿದರೆ ಆಚಾರ್ರು ಇಕ್ಕಳದ ತುದಿಯಿಂದ ತಟ್ಟುತ್ತಿದ್ದರು. ಹಾಗೆ ಹಿಡಿದರೆ ಏಟಿನ ಅದುರು ನೇರ ಹೆಬ್ಬೆರಳ ಕೀಲಿಗೆ ಹೋಗುತ್ತದೆ. ಕಾವನ್ನು ದಿಂಡಿಗದಲ್ಲೋ ಜಾಲಿಯಲ್ಲೋ ಮಾಡಿ, ತಲೆಯ ಹತ್ತಿರ ಸ್ವಲ್ಪ ಹೆರೆದು ತೆಳುವು ಮಾಡುತ್ತಿದ್ದರು. ಅಲ್ಲಿ ಅದು ಕೂದಲೆಳೆಯಷ್ಟು ಬಾಗಿದರೂ ಕೈಗೆ ಬರುವ ಹೊಡೆತ ಕಡಿಮೆ. ಇಕ್ಕಳದ ಹಿಡಿಗಳಿಗೆ ಒಂದು ಕಬ್ಬಿಣದ ಉಂಗುರ ತೂರಿಸಿಬಿಟ್ಟರೆ ಬಾಯಿ ತಾನೇ ಕಚ್ಚಿಕೊಂಡಿರುತ್ತದೆ, ಎಡಗೈ ದಿನವಿಡೀ ಹಿಚುಕಿ ಹಿಡಿಯಬೇಕಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಕಬ್ಬಿಣದ ಬಣ್ಣ. ಕಿತ್ತಳೆ ಬಣ್ಣವಿರುವ ತನಕ ಹೊಡೆ, ಕೆಂಪು ಕಪ್ಪಿಗೆ ತಿರುಗುತ್ತಿದ್ದ ಹಾಗೆ ನಿಲ್ಲಿಸಿ ಒಲೆಗೆ ಹಾಕು. ಇದ್ದಿಲು ಉಳಿಸಲು ಹೋಗಿ ಆರಿದ ಕಬ್ಬಿಣ ಹೊಡೆಯುವ ಕಮ್ಮಾರನಿಗೆ ಉಳಿಯುವುದು ಮಣಿಕಟ್ಟಿನ ಊತ. ಕಬ್ಬಿಣ ಕಾದಾಗಲೇ ಬಡಿಯಬೇಕು ಅನ್ನುವ ಗಾದೆಯನ್ನು ನಾವು ಮೇಷ್ಟ್ರುಗಳು ಅವಕಾಶದ ಪಾಠ ಮಾಡಿಬಿಟ್ಟಿದ್ದೇವೆ, ಆಚಾರ್ರಿಗೆ ಅದು ಕೈಯ ಪಥ್ಯ.

ಎಂಬತ್ತರ ದಶಕದಲ್ಲಿ ಮೂರು ಮೈಯ ಈ ಹಂಚಿಕೆ ಕದಡಿಹೋಯಿತು. ಆಚಾರ್ರ ತಮ್ಮ ಪೀಣ್ಯದ ಫ್ಯಾಕ್ಟರಿ ಸೇರಿದರು. ಕಣದಲ್ಲಿ ಹಡದೆ ಅಳೆಯುವುದು ಒಂದೊಂದೇ ಮನೆಯಲ್ಲಿ ನಿಂತು, ಕೆಲಸಕ್ಕಿಷ್ಟು ಅಂತ ದುಡ್ಡಾಯಿತು. ತಂದೆ ತೀರಿಕೊಂಡ ಮೇಲೆ ತಿದಿಯ ಜಾಗಕ್ಕೆ ಕೈಯಲ್ಲಿ ತಿರುಗಿಸುವ ಬ್ಲೋವರ್ ಬಂತು, ಕರೆಂಟು ನೆಚ್ಚಬಹುದಾದಾಗ ಮೋಟಾರಿನದು. ಎಲ್ಲರಿಗೂ ಖುಷಿ. ಗಾಳಿ ಹಾಕುವವರ ತೋಳು ಉಳಿಯಿತು, ನಿಜ. ಆದರೆ ಆ ಖುಷಿಯಲ್ಲಿ ಸಮ್ಮಟಿಗೆಯ ಜಾಗ ಖಾಲಿಯಾದದ್ದನ್ನು ಯಾರೂ ಗಮನಿಸಲಿಲ್ಲ. ಚಿಕ್ಕವ್ವನ ಭುಜ ಅಷ್ಟು ಹೊತ್ತಿಗೆ ಮೇಲೆತ್ತಲು ಬಾರದ ಹಾಗಾಗಿತ್ತು. ಆಚಾರ್ರು ಎರಡು ಕೆಜಿಯ ಸುತ್ತಿಗೆಗೆ ಹೊಸ ಕಾವು ಹಾಕಿ ಒಬ್ಬರೇ ಕೂತರು.

ಹೊಡೆಯಬೇಕಾದ ಕಬ್ಬಿಣವೂ ಬದಲಾಗಿತ್ತು. ಮೊದಲು ಮೆದು ಕಬ್ಬಿಣ, ಈಗ ಗುಜರಿಯಿಂದ ಬರುವ ಲಾರಿ ಕಮಾನಿನ ಪಟ್ಟಿ. ತೆಂಗಿನ ಸೀಮೆಯಲ್ಲಿ ಮಚ್ಚಿಗೆ ಅದಕ್ಕಿಂತ ಒಳ್ಳೆಯ ಉಕ್ಕಿಲ್ಲ, ಅಂಚು ತಿಂಗಳುಗಟ್ಟಲೆ ನಿಲ್ಲುತ್ತದೆ. ಆದರೆ ಅದು ಸುತ್ತಿಗೆಯ ಕೆಳಗೆ ಸುಲಭವಾಗಿ ಹರಡುವ ಜಾತಿಯದಲ್ಲ, ಕಾವು ಒಂದಿಷ್ಟು ಇಳಿದರೆ ಎದುರು ನಿಲ್ಲುತ್ತದೆ. ಸಮ್ಮಟಿಗೆಯ ಹತ್ತು ಏಟಿನ ಕೆಲಸಕ್ಕೆ ಒಂಟಿ ಕೈ ಅದೆಷ್ಟು ಏಟು ಹಾಕಬೇಕೋ ಲೆಕ್ಕ ಹಾಕಿ. ದಣಿದಷ್ಟೂ ಕೈ ಬಿಗಿಯಾಗಿ ಹಿಡಿಯುತ್ತದೆ, ಬಿಗಿ ಹಿಡಿದಷ್ಟೂ ಬೇಗ ದಣಿಯುತ್ತದೆ. ಆ ಟಿಣ್ ಟಿಣ್ ಕೂಡ ನಿಂತುಹೋಯಿತು. ಬರೀ ಅಡಿಗಲ್ಲು ತಟ್ಟಿ ಕಳೆಯುವಷ್ಟು ಹೊತ್ತು ಅವರಲ್ಲಿರಲಿಲ್ಲ.

ತೊಂಬತ್ತರ ದಶಕದ ನಡುವಿಗೆ ಅವರ ಮಣಿಕಟ್ಟಿಗೆ ಬಟ್ಟೆಯ ಪಟ್ಟಿ ಬಂತು, ಆಮೇಲೆ ತಾಮ್ರದ ಕಡಗ. ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ, ಒದರಿ ಒದರಿ ಮಲಗುತ್ತೇನೆ ಅನ್ನುತ್ತಿದ್ದರು. ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಸಿಗುವ ನೋವಿನ ಮಾತ್ರೆ ಬೆಳಿಗ್ಗೆಯೊಂದು, ರಾತ್ರಿಯೊಂದು. ಹೊಟ್ಟೆ ಉರಿ ಶುರುವಾದ ಮೇಲೆ ಅದಕ್ಕೆ ಇನ್ನೊಂದು ಮಾತ್ರೆ. ಡೈಕ್ಲೋಫೆನಾಕ್ ಜಾತಿಯ ಗುಳಿಗೆಗಳನ್ನು ವರ್ಷಗಟ್ಟಲೆ ಹೀಗೆ ನುಂಗಿದರೆ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ನಮ್ಮ ಸೀಮೆಯ ಕಮ್ಮಾರ, ಬಡಗಿ, ಗಾರೆಯವರು ದುಡಿಯುತ್ತಿರುವುದೇ ಆ ಗುಳಿಗೆಯ ಮೇಲೆ.

ಆಚಾರ್ರನ್ನು ಹಾಸನದ ಮೂಳೆ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಅವರು ಮೊದಲು ಕೇಳಿದ್ದೇ, “ರಾತ್ರಿ ಎದ್ದು ಕೈ ಒದರ್ತೀರಾ?” ಅಂತ. ಎರಡೂ ಅಂಗೈಗಳನ್ನು ಕೆಳಕ್ಕೆ ಮಡಿಸಿ, ಹಿಂಗೈಗೆ ಹಿಂಗೈ ಒತ್ತಿಸಿ ಒಂದು ನಿಮಿಷ ಹಿಡಿಸಿದರು. ನಿಮಿಷ ತುಂಬುವ ಮೊದಲೇ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆಂದವು. ಕಿರುಬೆರಳು ಮಾತ್ರ ಸರಿಯಿತ್ತು. ಅಲ್ಲಿಗೆ ರೋಗ ಗೊತ್ತಾಯಿತು. ಬೆರಳು ಮಡಿಸುವ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅವುಗಳ ಒಂಬತ್ತು ಹುರಿಗಳು ಮತ್ತು ಒಂದು ನರ ಮಣಿಕಟ್ಟಿನ ಒಂದೇ ಇಕ್ಕಟ್ಟಿನಲ್ಲಿ ಹಾದು ಅಂಗೈಗೆ ಬರುತ್ತವೆ. ಹಿಡಿತ, ಹೊಡೆತ, ಹಿಡಿತ ಅಂತ ವರ್ಷಗಟ್ಟಲೆ ನಡೆದಾಗ ಆ ಜಾಗ ಊದಿಕೊಳ್ಳುತ್ತದೆ. ಜಾತ್ರೆಯ ದಿನದ ಸಂದಿಯಲ್ಲಿ ಸಿಕ್ಕಿಬಿದ್ದ ಮುದುಕನ ಹಾಗೆ ನರ ನಲುಗುತ್ತದೆ. ಕಾರ್ಪಲ್ ಟನೆಲ್ ಅಂತ ಚೀಟಿಯಲ್ಲಿ ಬರೆದರು. ಮೊಣಕೈಯ ಹೊರಮಗ್ಗುಲಿನ ನೋವು ಬೇರೆಯದು, ಟೆನ್ನಿಸ್ ಎಲ್ಬೋ. ಆಚಾರ್ರು, “ಟೆನ್ನಿಸ್ಸಾ?” ಅಂದು ನನ್ನ ಮುಖ ನೋಡಿದರು.

ರಾತ್ರಿ ಮಣಿಕಟ್ಟು ಮಡಿಯದ ಹಾಗೆ ಕಟ್ಟಿಕೊಳ್ಳಲು ಒಂದು ಪಟ್ಟಿ ಕೊಟ್ಟು, ಒಂದೂವರೆ ತಿಂಗಳು ಸುತ್ತಿಗೆ ಮುಟ್ಟಬೇಡಿ, ಆಗಲೂ ಇಳಿಯದಿದ್ದರೆ ಆಪರೇಷನ್ ಅಂದರು. ಭರಣಿ ಮಳೆ ಬೀಳುವುದರೊಳಗೆ ಊರಿನ ಕುಳಗಳು ಆಗಬೇಕಿದ್ದ ಕಾಲ ಅದು. “ಸುತ್ತಿಗೆ ಬಿಟ್ರೆ ಕೈ ಉಳೀತದೆ ಸರಿ ಮೇಷ್ಟ್ರೆ, ಆ ಕೈಯಿಂದ ಏನು ಮಾಡ್ಲಿ?” ಬಸ್ಸಿನಲ್ಲಿ ಕೂತು ಕೇಳಿದರು. ರಾತ್ರಿಯ ಪಟ್ಟಿಯನ್ನು ಮಾತ್ರ ಶ್ರದ್ಧೆಯಿಂದ ಕಟ್ಟಿದರು, ನಿದ್ದೆ ಬಂತು. ಇನ್ನೊಂದು ಉಪಕಾರ ಮಾಡಿದವನು ಅವರ ಮಗ. ನೆಲಮಟ್ಟದ ಅಡಿಗಲ್ಲನ್ನು ಕಿತ್ತು, ದಪ್ಪ ಹುಣಸೆ ಕೊರಡಿನ ಮೇಲೆ ರೈಲು ಕಂಬಿಯ ತುಂಡೊಂದನ್ನು ಜಡಿದು ನಿಲ್ಲಿಸಿದ. ನಿಂತು ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದರೆ ಗೆಣ್ಣು ತಾಕುವಷ್ಟು ಎತ್ತರ. ಅದಕ್ಕಿಂತ ಎತ್ತರವಾದರೆ ಭುಜ ಹೋಗುತ್ತದೆ, ತಗ್ಗಾದರೆ ಸೊಂಟ. ನಿಂತು ಹೊಡೆದಾಗ ಏಟು ಮುಂಗೈಯ ಬದಲು ಭುಜದಿಂದ ಬರುತ್ತದೆ, ಸುತ್ತಿಗೆಯ ತೂಕವೇ ಅರ್ಧ ಕೆಲಸ ಮಾಡುತ್ತದೆ. ಆಚಾರ್ರು ಒಪ್ಪಿಕೊಂಡರು, ಆದರೆ ಜೀವಮಾನವೆಲ್ಲ ಕೂತು ದುಡಿದವರಿಗೆ ಈಗ ಮೀನಖಂಡ ನೋವು.

ಅವರು ಈಗಿಲ್ಲ. ಕುಲುಮೆ ಮಗನದು. ಕುಡ್ಲು, ಗುದ್ದಲಿ ಸಂತೆಯಲ್ಲಿ ರೆಡಿಮೇಡ್ ಸಿಗುತ್ತವೆ. ಅವನಿಗೆ ಬರುವುದು ತೆಂಗಿನ ಕಾಯಿ ಸುಲಿಯುವ ಹಾರೆ, ಮಚ್ಚು, ರೋಟವೇಟರಿನ ಸವೆದ ಬ್ಲೇಡಿಗೆ ಬೆಸುಗೆ, ಗೇಟು. ಸುತ್ತಿಗೆ ಅರ್ಧ ಗಂಟೆಯ ಕೆಲಸವಾದರೆ ನಾಲ್ಕಿಂಚಿನ ಗ್ರೈಂಡರ್ ಅರ್ಧ ದಿನದ್ದು. ಅದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಸಂಜೆ ಲೋಟ ಹಿಡಿದರೆ ಬೆರಳಿಗೆ ಲೋಟ ಗೊತ್ತಾಗುವುದಿಲ್ಲ ಅನ್ನುತ್ತಾನೆ. ಇದು ಅಪ್ಪನ ನೋವಲ್ಲ, ಯಂತ್ರದ ಅದುರಿನಿಂದ ಬರುವ ಬೇರೆ ನೋವು. ಅಮೆರಿಕದ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್‌ನಲ್ಲಿ ಸುಣ್ಣಕಲ್ಲು ಕೆತ್ತುವವರಿಗೆ ಗಾಳಿಯಂತ್ರದ ಸುತ್ತಿಗೆ ಬಂದ ಮೇಲೆ ಚಳಿ ಬೆಳಗಿನಲ್ಲಿ ಬೆರಳು ಬಿಳಿಚಿ ಮರಗಟ್ಟುವುದನ್ನು ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ 1918ರಲ್ಲೇ ಪರೀಕ್ಷಿಸಿ ಬರೆದಿದ್ದರು. ಉಳಿ ಹಿಡಿದ ಎಡಗೈಗೇ ಅಲ್ಲಿ ಹೆಚ್ಚು ಪೆಟ್ಟು. ಯುರೋಪಿನಲ್ಲಿ 2002ರಿಂದ ದಿನಕ್ಕೆ ಇಷ್ಟೇ ಕಂಪನ ಎಂದು ಮಿತಿ ಹಾಕಿದ ಕಾನೂನಿದೆ. ನಮ್ಮ ಹುಡುಗ ಮಾಡಿಕೊಂಡಿರುವ ಕಾನೂನು ಎರಡೇ: ಸವೆದು ಅಡ್ಡಾದಿಡ್ಡಿಯಾದ ಡಿಸ್ಕನ್ನು ಎಸೆಯುವುದು, ಪಕ್ಕದ ಹಿಡಿಯನ್ನು ಬಿಚ್ಚಿಡದೆ ಎರಡೂ ಕೈಯಲ್ಲಿ ಹಿಡಿಯುವುದು. ದಪ್ಪ ಕೈಗವಸು ಹಾಕಿದರೆ ಅದುರು ನಿಲ್ಲುತ್ತದೆ ಅಂದುಕೊಂಡಿದ್ದ. ನಿಲ್ಲಲಿಲ್ಲ, ಇನ್ನಷ್ಟು ಬಿಗಿ ಹಿಡಿಯಬೇಕಾಯಿತು.

2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ. ಉಪಕರಣಕ್ಕೆ 15,000 ರೂಪಾಯಿ, ಶೇ 5ರ ಬಡ್ಡಿಗೆ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷ ಸಾಲ. ಒಳ್ಳೆಯದೇ. ಆದರೆ ಹದಿನೈದು ಸಾವಿರಕ್ಕೆ ಮತ್ತೊಂದು ಗ್ರೈಂಡರ್ ಬಂದೀತು, ಸಮ್ಮಟಿಗೆಯ ಜಾಗ ತುಂಬುವ ಪವರ್ ಹ್ಯಾಮರ್ ಬರುವುದಿಲ್ಲ. ಅವನಿಗೆ ಬೇಕಾದದ್ದು ಅದು. ಕಾಲಲ್ಲಿ ಒತ್ತಿದರೆ ತಾನೇ ಹೊಡೆಯುತ್ತದೆ, ಎರಡೂ ಕೈಯಲ್ಲಿ ಕಬ್ಬಿಣ ತಿರುಗಿಸುತ್ತ ನಿಂತರಾಯಿತು. ಮೊಬೈಲಿನಲ್ಲಿ ಅದರ ವಿಡಿಯೋ ತೋರಿಸಿದಾಗ ಎಂಬತ್ತು ದಾಟಿದ ಚಿಕ್ಕವ್ವ ಕಣ್ಣಿಗೆ ಹತ್ತಿರ ಹಿಡಿದು ಪೂರ್ತಿ ನೋಡಿದರು. ಬೆಲೆ ಎಷ್ಟು ಅಂತ ಕೇಳಿದರು. ಹೇಳಿದ. “ಅಯ್ಯೋ, ನಾನು ಬರೀ ಹಿಟ್ಟಿಗೇ ಹೊಡ್ದೆನಲ್ಲೋ” ಅಂದರು. ಮಗ ನಕ್ಕ, ಅವರು ನಗಲಿಲ್ಲ.

ಎರಡನೆಯ ಕಂತಿನ ಸಾಲಕ್ಕೆ ಅವನು ಅರ್ಜಿ ಹಾಕಿದ್ದಾನೆ. ಅವನು ನೋಡಿಟ್ಟಿರುವ ಮೆಷೀನಿಗೆ ತ್ರೀ ಫೇಸ್ ಲೈನು ಬೇಕು, ಅದು ಬೀದಿಯ ಆ ತುದಿಯಲ್ಲಿದೆ, ಎರಡು ಕಂಬ ಹಾಕಿಸಬೇಕು. ಪಕ್ಕದ ಮನೆಯವರು ಈಗಾಗಲೇ ಗೋಡೆ ಬಿರುಕು ಬಿಟ್ಟರೆ ಯಾರು ಜವಾಬ್ದಾರಿ ಅಂತ ಕೇಳಿ ಹೋಗಿದ್ದಾರೆ. ಅಲ್ಲಿಯವರೆಗೆ ದಪ್ಪ ಪಟ್ಟಿ ಎಳೆಯುವ ಕೆಲಸ ಬಂದರೆ ಬೈಕಿನ ಹಿಂದೆ ಕಟ್ಟಿಕೊಂಡು ತಿಪಟೂರಿಗೆ ಹೋಗುತ್ತಾನೆ. ಅಲ್ಲಿನ ವರ್ಕ್‌ಶಾಪಿನಲ್ಲಿ ಹೊಡೆಸಿಕೊಂಡು ಬಂದು, ಅಂಚು ಮಾತ್ರ ಇಲ್ಲಿ, ಅಪ್ಪನ ಒಂದೂವರೆ ಕೆಜಿಯ ಸುತ್ತಿಗೆಯಲ್ಲಿ ಮಾಡುತ್ತಾನೆ. ಎರಡು ಕೆಜಿಯದನ್ನು ಗುಜರಿಗೆ ಹಾಕಿದ.