ಅಪ್ಪನ ಮೂರು ಮನಿಆರ್ಡರ್

ನಾನು ಹುಡುಗನಾಗಿದ್ದಾಗ ನಮ್ಮ ಕರಾವಳಿಯ ಹಳ್ಳಿಗಳಲ್ಲಿ ಅಪ್ಪಂದಿರು ಮನೆಯಲ್ಲಿ ಇಲ್ಲದಿರುವುದು ದೊಡ್ಡ ವಿಷಯವಾಗಿರಲಿಲ್ಲ. ‘ಅಪ್ಪ ಎಲ್ಲಿ?’ ಎಂದು ಯಾರಾದರೂ ಕೇಳಿದರೆ ‘ಬೊಂಬಾಯಿಯಲ್ಲಿ’ ಎನ್ನುತ್ತಿದ್ದೆವು. ‘ಯಾವಾಗ ಬರುತ್ತಾರಂತೆ?’ ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ಮಾತ್ರ ನಮ್ಮಲ್ಲಿ ಉತ್ತರ ಇರುತ್ತಿರಲಿಲ್ಲ.

ಬೊಂಬಾಯಿ ಆಗ ನಮಗೆ ಬೇರೆ ದೇಶವೇ ಸರಿ. 1956ರವರೆಗೆ ನಮ್ಮ ಜಿಲ್ಲೆ ಮದರಾಸಿಗೆ ಸೇರಿತ್ತು. ಮಂಗಳೂರಿನಲ್ಲಿ ರೈಲು ಇದ್ದರೂ ಅದು ಹೋಗುತ್ತಿದ್ದುದು ಮದರಾಸಿನ ಕಡೆಗೆ. ಬೊಂಬಾಯಿಗೆ ಹೋಗುವವರು ಹಿಡಿಯುತ್ತಿದ್ದುದು ಸಮುದ್ರದ ದಾರಿ. ಅಪ್ಪ 1933ರಲ್ಲಿ ತಮ್ಮ ಹದಿನೈದನೆಯ ವಯಸ್ಸಿನಲ್ಲಿ, ಊರಿನವರೊಬ್ಬರ ಬೆನ್ನು ಹಿಡಿದು ಮಂಗಳೂರಿನಲ್ಲಿ ಆಗಬೋಟು ಹತ್ತಿದರು. ದೊಡ್ಡ ಹಡಗು ದಡಕ್ಕೆ ಬರುತ್ತಿರಲಿಲ್ಲವಂತೆ. ಸಣ್ಣ ದೋಣಿಯಲ್ಲಿ ಅಳಿವೆ ದಾಟಿಸಿ ಹಡಗಿಗೆ ಹತ್ತಿಸುತ್ತಿದ್ದರು. ‘ದೋಣಿಯಿಂದ ಹಡಗಿಗೆ ಕಾಲಿಡುವಾಗ ಕೆಳಗೆ ನೋಡಿದೆ ನೋಡು, ಅಲ್ಲಿಗೆ ಊರಿನ ಆಸೆ ಬಿಟ್ಟೆ’ ಎಂದು ಅಪ್ಪ ನಗುತ್ತಿದ್ದರು. ಮಳೆಗಾಲದಲ್ಲಿ ಆಗಬೋಟು ಬಂದ್. ಆಗ ಹೋಗಲೇಬೇಕಿದ್ದವರು ಘಟ್ಟ ಹತ್ತಿ, ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ರೈಲು ಹಿಡಿಯಬೇಕು. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಅಷ್ಟರಲ್ಲಿ ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ಅಪ್ಪನಿಗೆ ಮೊದಲು ಸಿಕ್ಕಿದ್ದು ಫೋರ್ಟ್ ಪ್ರದೇಶದ ಒಂದು ಆಫೀಸಿನ ಕ್ಯಾಂಟೀನಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸ. ರಾತ್ರಿ ಶಾಲೆ. ಬೊಂಬಾಯಿಯ ರಾತ್ರಿ ಶಾಲೆಗಳ ಬಗ್ಗೆ ಈಗಿನ ಮಕ್ಕಳು ತಿಳಿಯಬೇಕು. ನಮ್ಮ ಊರಿನಿಂದ ಹೋದವರು ಅಲ್ಲಿ ಸಂಘ ಕಟ್ಟಿಕೊಂಡಾಗ ಮೊದಲು ಮಾಡಿದ ಕೆಲಸಗಳಲ್ಲಿ ಇದೂ ಒಂದು. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಆ ಮೇಲೆ ಬೇರೆ ಬೇರೆ ಸಮಾಜದವರೂ ರಾತ್ರಿ ಶಾಲೆ ನಡೆಸಿದರು. ಹಗಲಿಡೀ ಹೋಟೆಲಿನಲ್ಲಿ ದುಡಿದ ಹುಡುಗರು ಕೈಯ ಸಾಬೂನಿನ ವಾಸನೆ ಹೋಗುವ ಮೊದಲೇ ಸ್ಲೇಟು ಹಿಡಿಯುತ್ತಿದ್ದರು. ಹೀಗೆ ಓದಿ ವಕೀಲರಾದವರಿದ್ದಾರೆ, ಹೋಟೆಲ್ ಮಾಲಕರಾದವರಿದ್ದಾರೆ. ನನ್ನ ಅಪ್ಪ ಮೆಟ್ರಿಕ್ ಮುಗಿಸಿ ಅದೇ ಆಫೀಸಿನಲ್ಲಿ ಕಾಗದ ರವಾನಿಸುವ ಗುಮಾಸ್ತರಾದರು. ಅದರ ಮೇಲೆ ಹೋಗಲಿಲ್ಲ. ಹೋಗುವ ಆಸೆಯೂ ಇದ್ದಂತಿರಲಿಲ್ಲ.

ಮನಿಆರ್ಡರ್ ಅಂದರೆ ಏನೆಂದು ಮೊಮ್ಮಗಳು ಮೊನ್ನೆ ಕೇಳಿದಳು. ಅಂಚೆ ಇಲಾಖೆ ಆ ಹಳೆಯ ಪದ್ಧತಿಯನ್ನು 2015ರಲ್ಲಿ ನಿಲ್ಲಿಸಿದ್ದರಿಂದ ಅವಳಿಗೆ ಗೊತ್ತಿಲ್ಲದಿರುವುದು ಸಹಜ. ಅಲ್ಲಿನ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಒಂದು ಫಾರಂ ತುಂಬಿದರೆ, ಇಲ್ಲಿನ ಪೋಸ್ಟಿನವರು ಆ ಹಣವನ್ನು ಮನೆ ಬಾಗಿಲಿಗೆ ತಂದು ಎಣಿಸಿ ಕೊಡುತ್ತಿದ್ದರು. ಫಾರಂನ ಕೆಳಗೆ ಕೂಪನ್ ಎಂಬ ಸಣ್ಣ ತುಂಡು ಇರುತ್ತಿತ್ತು. ಅದರಲ್ಲಿ ನಾಲ್ಕು ಸಾಲು ಬರೆಯಬಹುದು. ಹಣದ ಜೊತೆಗೆ ಅದನ್ನೂ ಹರಿದು ಕೊಡುತ್ತಿದ್ದರು. ಅಪ್ಪನ ಅಕ್ಷರವನ್ನು ನಾನು ಮೊದಲು ಕಲಿತದ್ದು ಆ ಕೂಪನಿನಲ್ಲಿ: ‘ಇಲ್ಲಿ ಕ್ಷೇಮ. ಹಣ ಮುಟ್ಟಿದ್ದಕ್ಕೆ ಬರೆಯಿರಿ. ಮಗುವಿಗೆ ಜ್ವರ ಬಿಟ್ಟಿತೆ?’

ಆ ಪ್ರಶ್ನೆ ಬರುವಾಗ ಜ್ವರ ಬಿಟ್ಟು ಹದಿನೈದು ದಿನ ಆಗಿರುತ್ತಿತ್ತು.

ಅಪ್ಪ ಪ್ರತಿ ತಿಂಗಳು ಒಂದಲ್ಲ, ಎರಡು ಮನಿಆರ್ಡರ್ ಮಾಡುತ್ತಿದ್ದರು. ಒಂದು ನಮ್ಮ ಮನೆಗೆ, ಶಿರ್ವದ ಕಡೆ. ಇನ್ನೊಂದು ಕಾಪುವಿನ ಹತ್ತಿರದ ಅತ್ತೆಯ ಮನೆಗೆ. ಘಟ್ಟದ ಮೇಲಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ನಾವು ಅಳಿಯಕಟ್ಟಿನವರು. ನಮ್ಮಲ್ಲಿ ಮನೆತನ ನಡೆಯುವುದು ಹೆಣ್ಣಿನಿಂದ. ನಾನು ಅಮ್ಮನ ಬಳಿಗೆ ಸೇರಿದವನು, ಅಪ್ಪನದು ಬೇರೆ ಬಳಿ. ಹಿಂದಿನ ಕಟ್ಟಿನಲ್ಲಿ ಗಂಡಸಿನ ಮನೆ ಎಂದರೆ ಅವನ ತಾಯಿಯ ಮನೆ, ಆಮೇಲೆ ಅಕ್ಕತಂಗಿಯರ ಮನೆ. ದುಡಿದದ್ದು ಅಲ್ಲಿಗೆ ಹೋಗಬೇಕು. ಹೆಂಡತಿ ಮಕ್ಕಳು ಹೆಂಡತಿಯ ತವರಿಗೆ ಸೇರಿದವರು, ಅವರನ್ನು ನೋಡಿಕೊಳ್ಳಲು ಅಲ್ಲಿ ಸೋದರಮಾವ ಇದ್ದಾನೆ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳಲು ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಗಂಡಸಿನ ಸ್ವಂತ ಗಳಿಕೆಗೆ ಹೆಂಡತಿ ಮಕ್ಕಳೂ ಹಕ್ಕುದಾರರಾದರು. ಕಾಯ್ದೆ ಒಂದು ದಿನದಲ್ಲಿ ಬರುತ್ತದೆ. ಮನೆಯೊಳಗಿನ ಲೆಕ್ಕ ಅಷ್ಟು ಬೇಗ ಬದಲಾಗುವುದಿಲ್ಲ. ನಮ್ಮ ಅಪ್ಪನ ತಲೆಮಾರಿನವರು ಎರಡು ಕಟ್ಟಿನ ನಡುವೆ ಸಿಕ್ಕಿಬಿದ್ದವರು. ಅಪ್ಪ ಎರಡೂ ಕಡೆ ಕಟ್ಟಿದರು.

1957ರಿಂದ ಮೂರನೆಯದು ಸೇರಿಕೊಂಡಿತು.

ಅದರ ಮೂಲ ತಿಳಿಯಬೇಕಾದರೆ ಬೊಂಬಾಯಿಯ ‘ರೂಮಿ’ಗೆ ಹೋಗಬೇಕು. ಬೋರಾ ಬಜಾರಿನ ಒಂದು ಚಾಳಿನಲ್ಲಿ ಹತ್ತಡಿ ಅಗಲದ ಕೋಣೆ. ಬಾಡಿಗೆ ಹಂಚಿಕೊಂಡವರು ಹದಿಮೂರು ಜನ. ರಾತ್ರಿ ಪಾಳಿಯವರು ಎದ್ದು ಹೋದ ಚಾಪೆಯಲ್ಲಿ ಹಗಲು ಪಾಳಿಯವರು ಮಲಗುವುದು. ಯಾರಾದರೂ ಊರಿನಿಂದ ಕುಚ್ಚಲಕ್ಕಿ ತಂದರೆ ಅಂದು ಹಬ್ಬ. ಆ ಹದಿಮೂರರಲ್ಲಿ ನಾಲ್ವರು ಒಂದಾದರು. ಅವರ ಹೆಸರು ನಮಗೆ ಬೇಕಿರಲಿಲ್ಲ, ನಾವು ಮಕ್ಕಳು ಬೇರೆಯೇ ಹೆಸರಿಟ್ಟಿದ್ದೆವು. ಮುಲ್ಕಿಯ ಕಡೆಯವರು ಲಾಂಡ್ರಿಯಲ್ಲಿದ್ದುದರಿಂದ ‘ಇಸ್ತ್ರಿ ಮಾವ’. ಕುಂದಾಪುರದ ಕಡೆಯವರು ಅಡುಗೆ ಮಾಡುತ್ತ ಯಕ್ಷಗಾನದ ಪದ ಹಾಡುತ್ತಿದ್ದರಂತೆ, ಅವರು ‘ಭಾಗವತ ಮಾವ’. ಬ್ಯಾರಿ ಸಮಾಜದವರು, ಮಸೀದಿ ಬಂದರಿನ ಧಾನ್ಯದ ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದವರು ‘ಉಳ್ಳಾಲ ಮಾವ’.

1944ರ ಏಪ್ರಿಲ್ 14ರಂದು ಬೊಂಬಾಯಿಯ ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗು ಸಿಡಿಯಿತು. ಯುದ್ಧದ ಕಾಲ. ಹತ್ತಿ, ಮದ್ದುಗುಂಡು, ಚಿನ್ನದ ಗಟ್ಟಿ ಎಲ್ಲ ಒಂದೇ ಹಡಗಿನಲ್ಲಿ ತುಂಬಿದ್ದರು. ಸಂಜೆ ನಾಲ್ಕು ಗಂಟೆ ಕಳೆದ ಮೇಲೆ ಒಂದು ಸ್ಫೋಟ, ಅರ್ಧ ಗಂಟೆಯಲ್ಲಿ ಇನ್ನೊಂದು. ನೂರಾರು ಜನ ಸತ್ತರು. ಡಾಕಿನ ಪಕ್ಕದ ಗೋದಾಮುಗಳು ದಿನಗಟ್ಟಲೆ ಉರಿದವು. ಉಳ್ಳಾಲ ಮಾವ ರೂಮಿಗೆ ಬರಲಿಲ್ಲ. ಉಳಿದ ಮೂವರು ಎರಡು ರಾತ್ರಿ ಜೆ.ಜೆ. ಆಸ್ಪತ್ರೆ, ಜಿ.ಟಿ. ಆಸ್ಪತ್ರೆ ಎಂದು ಹುಡುಕಿದರು. ಸಾಲಾಗಿ ಮಲಗಿಸಿದ್ದ ಹೆಣಗಳ ಮುಖದ ಬಟ್ಟೆ ಎತ್ತಿ ನೋಡಿದರು. ಇದನ್ನು ಅಪ್ಪ ನಮಗೆ ಹೇಳಿದ್ದು ಒಂದೇ ಸಲ. ಮೂರನೆಯ ದಿನ ಬೆಳಿಗ್ಗೆ ಉಳ್ಳಾಲ ಮಾವ ಚಾಳಿನ ಮೆಟ್ಟಿಲ ಮೇಲೆ ಕೂತಿದ್ದರು. ಮೈಯೆಲ್ಲ ಮಸಿ, ಎಡಗಿವಿ ಕೇಳುವುದಿಲ್ಲ. ಆ ಕಿವಿ ಮತ್ತೆ ಬರಲೇ ಇಲ್ಲ.

ಅಂದು ರಾತ್ರಿ ನಾಲ್ವರೂ ಒಂದೊಂದು ಚೀಟಿ ಬರೆದರು. ಊರಿನ ವಿಳಾಸ, ಮನೆಯ ಹೆಸರು, ಯಾರಿಗೆ ಹೇಳಬೇಕು ಎಂಬುದು. ಕೆಳಗೆ ಒಂದು ಸಾಲು: ‘ತಂತಿ ಕೊಡಬಾರದು. ಒಬ್ಬರು ಖುದ್ದಾಗಿ ಹೋಗಿ ತಿಳಿಸಬೇಕು.’ ಹಳ್ಳಿಯಲ್ಲಿ ಟೆಲಿಗ್ರಾಂ ಬಂದರೆ ಓದುವ ಮೊದಲೇ ಮನೆಯಲ್ಲಿ ಅಳು ಏಳುತ್ತಿದ್ದ ಕಾಲ ಅದು. ಒಬ್ಬರ ಚೀಟಿ ಇನ್ನೊಬ್ಬರ ಹತ್ತಿರ. ಭಾಗವತ ಮಾವನ ಚೀಟಿ ಅಪ್ಪನ ಹತ್ತಿರ ಬಂತು, ಅಪ್ಪನದು ಉಳ್ಳಾಲ ಮಾವನ ಹತ್ತಿರ ಹೋಯಿತು.

1957ರ ಜುಲೈಯಲ್ಲಿ, ನಾನು ಮೂರನೆಯ ತರಗತಿಯಲ್ಲಿದ್ದಾಗ, ಸುರಿಯುವ ಮಳೆಯಲ್ಲಿ ಒಂದು ಸಂಜೆ ಅಪ್ಪ ಅಂಗಳದಲ್ಲಿ ನಿಂತಿದ್ದರು. ಅಪ್ಪ ಬರುವುದು ಎರಡು ವರ್ಷಕ್ಕೊಮ್ಮೆ, ಬೇಸಗೆಯಲ್ಲಿ. ಬರುವಾಗ ಟ್ರಂಕು, ಟ್ರಂಕಿನಲ್ಲಿ ಕಾಗದದ ನಡುವೆ ಹಾಳೆ ಹಾಳೆಯಾಗಿ ಇರುವ ಮಾಹಿಮ್ ಹಲ್ವ, ಅಮ್ಮನಿಗೆ ಸೀರೆ. ಈ ಸಲ ಕೈಯಲ್ಲಿ ಕೊಡೆ ಬಿಟ್ಟರೆ ಏನೂ ಇಲ್ಲ. ಹಲ್ವ ಎಲ್ಲಿ ಎಂದು ತಂಗಿ ಕೊಡೆಯೊಳಗೆ ಇಣುಕಿ ನೋಡಿದಳು. ಭಾಗವತ ಮಾವ ಕ್ಷಯದಿಂದ ತೀರಿಕೊಂಡಿದ್ದರು. ಅಪ್ಪ ಚೀಟಿ ಹಿಡಿದು ಹುಬ್ಬಳ್ಳಿಯ ಮೇಲೆ ಬಂದು, ಘಟ್ಟ ಇಳಿದು, ಮೊದಲು ಕುಂದಾಪುರದ ಕಡೆಯ ಆ ಮನೆಗೆ ಹೋಗಿ ಅವರ ತಾಯಿಗೆ ಹೇಳಿ ಬಂದಿದ್ದರು. ನಮ್ಮಲ್ಲಿ ಒಂದು ರಾತ್ರಿ ಇದ್ದು ಮರುದಿನ ಹೊರಟರು.

ಆ ತಾಯಿಗೆ ಇದ್ದವನು ಇನ್ನೊಬ್ಬನೇ ಮಗ, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಬೊಂಬಾಯಿಯ ಮೂವರು ತಿಂಗಳಿಗೆ ತಲಾ ಐದು ರೂಪಾಯಿ ಹಾಕಿ ಹದಿನೈದು ರೂಪಾಯಿ ಕಳುಹಿಸಲು ತೊಡಗಿದರು. ಅಪ್ಪನ ಆಫೀಸು ದೊಡ್ಡ ಪೋಸ್ಟಾಫೀಸಿಗೆ ಹತ್ತಿರವಿದ್ದುದರಿಂದ ಕಟ್ಟುವ ಕೆಲಸ ಅಪ್ಪನದು. ಕೂಪನಿನಲ್ಲಿ ‘ನಿಮ್ಮ ಮಕ್ಕಳು’ ಎಂದು ಬರೆಯುತ್ತಿದ್ದರಂತೆ.

ಇದು ನಮ್ಮ ಎರಡೂ ಮನೆಗಳಿಗೆ ಗೊತ್ತಿತ್ತು. ಯಾರೂ ಮಾತಾಡಿರಲಿಲ್ಲ. 1961ರಲ್ಲಿ ಅತ್ತೆಯ ದೊಡ್ಡ ಮಗಳ ಮದುವೆ ನಿಶ್ಚಯವಾಯಿತು. ಹಣ ಸಾಲದು. ಆ ಮನೆಯ ಯಜಮಾನಿಕೆ ಅಪ್ಪನ ಅಣ್ಣನದು. ಅವರು ಅಪ್ಪನಿಗೆ ಕಾಗದ ಬರೆದು, ಅದನ್ನು ನಮ್ಮಲ್ಲಿಗೂ ಬಂದು ಅಮ್ಮನಿಗೆ ಹೇಳಿದರು. ‘ಸೊಸೆಯ ಮದುವೆಗಿಂತ ಸತ್ತವನ ಮನೆ ದೊಡ್ಡದಾಯಿತೇ? ನಮ್ಮ ಬಳಿಯೂ ಅಲ್ಲ, ನೆಂಟನೂ ಅಲ್ಲ. ಹೆಂಡತಿ ಮಕ್ಕಳಿಗೆ ಕೊಡಲಿ, ನಾನು ಬೇಡವೆನ್ನುವುದಿಲ್ಲ, ಈಗ ಸರಕಾರವೇ ಹೇಳಿದೆ. ಅದು ಯಾವ ಲೆಕ್ಕದಲ್ಲಿ?’ ದೊಡ್ಡಪ್ಪ ಕೆಟ್ಟವರಲ್ಲ. ಅವರ ಲೆಕ್ಕದಲ್ಲಿ ತಪ್ಪು ಹುಡುಕುವುದು ಈಗಲೂ ನನಗೆ ಕಷ್ಟ. ಮದುವೆ ತಪ್ಪಿದರೆ ಆ ಹುಡುಗಿಯ ಗತಿ ಏನು?

ಮುಂದಿನ ತಿಂಗಳ ಮನಿಆರ್ಡರ್ ಬಂತು. ಅತ್ತೆ ಆ ಕೂಪನನ್ನು ಅಮ್ಮನಿಗೆ ತೋರಿಸಲು ತಂದಿದ್ದರು, ನಾನೇ ಓದಿ ಹೇಳಿದೆ: ‘ಮದುವೆಗೆ ಸಾಲ ಎತ್ತಿ ಕಳುಹಿಸುತ್ತೇನೆ. ಕುಂದಾಪುರದ ಹಣ ಕೇಳಬೇಡಿ. ಅದು ನನ್ನದಲ್ಲ, ಅವನದು.’

ಆಫೀಸಿನ ಸೊಸೈಟಿಯಲ್ಲಿ ಸಾಲ ತೆಗೆದರು. ಮದುವೆ ಆಯಿತು. ಸಾಲ ತೀರಿಸಬೇಕಾದ್ದರಿಂದ ಮರುವರ್ಷದ ಬೇಸಗೆಗೆ ಅಪ್ಪ ಬರಲಿಲ್ಲ, ಅದರ ಮುಂದಿನ ವರ್ಷವೂ ಬರಲಿಲ್ಲ. 1960ರಲ್ಲಿ ಬಂದವರು ಮತ್ತೆ ಬಂದದ್ದು 1964ರಲ್ಲಿ. ಅಷ್ಟರಲ್ಲಿ ನನಗೆ ಮೀಸೆ ಚಿಗುರುತ್ತಿತ್ತು, ತಂಗಿ ಬಾಗಿಲ ಹಿಂದೆ ನಿಂತು ‘ಯಾರೋ ಬಂದಿದ್ದಾರೆ’ ಎಂದಳು. ಅಮ್ಮ ಆ ನಾಲ್ಕು ವರ್ಷವೂ ಹಲಸಿನ ಹಪ್ಪಳ ಮಾಡಿ, ಬೊಂಬಾಯಿಗೆ ಹೋಗುವವರ ಕೈಯಲ್ಲಿ ಕಟ್ಟು ಕೊಡುವುದನ್ನು ತಪ್ಪಿಸಲಿಲ್ಲ. ಮೂರು ಕಟ್ಟು. ಇಸ್ತ್ರಿ ಮಾವನಿಗೂ ಉಳ್ಳಾಲ ಮಾವನಿಗೂ ಬೇರೆ ಬೇರೆ. ಸಿಟ್ಟಿದ್ದರೆ ಅದು ಹಪ್ಪಳಕ್ಕೆ ಹಾಕುವ ಮೆಣಸಿನಲ್ಲಿ ಹೋಗಿರಬೇಕು.

ಕುಂದಾಪುರದ ಹುಡುಗನಿಗೆ 1966ರಲ್ಲಿ ಕೆಲಸ ಸಿಕ್ಕಿತು. ಆ ತಾಯಿ ತಾನಾಗಿಯೇ ‘ಇನ್ನು ಸಾಕು ಮಕ್ಕಳೇ’ ಎಂದು ಬರೆಸಿದರು. ಒಂಬತ್ತು ವರ್ಷ ನಡೆದ ಹಣ. ಮುಂದೆ ಬ್ಯಾಂಕಿನ ಕೌಂಟರಿನಲ್ಲಿ ಕೂತು ಮೂವತ್ತೇಳು ವರ್ಷ ಸಾಲದ ಪತ್ರ ನೋಡಿದ್ದೇನೆ. ಸಹಿ, ಸಾಕ್ಷಿ, ಜಾಮೀನು ಎಲ್ಲ ಇದ್ದೂ ಮೂರನೆಯ ಕಂತಿಗೆ ನಿಂತುಹೋದವು ಎಷ್ಟೋ.

ಅಪ್ಪ 1976ರಲ್ಲಿ ನಿವೃತ್ತರಾಗಿ ಊರಿಗೆ ಬಂದರು. ಆ ವೇಳೆಗೆ ಭೂ ಸುಧಾರಣೆಯಲ್ಲಿ ಅತ್ತೆಯ ಮನೆಯ ಗದ್ದೆಗಳು ಗೇಣಿದಾರರ ಪಾಲಾಗಿ, ಗೇಣಿ ಅಕ್ಕಿ ನಿಂತಿತ್ತು. ಅಪ್ಪ ಪ್ರಾವಿಡೆಂಟ್ ಫಂಡಿನಲ್ಲಿ ಒಂದು ಭಾಗ ಆ ಮನೆಯ ಮಾಡಿಗೆ ಹಾಕಿದರು, ಉಳಿದದ್ದು ನಮ್ಮ ಮನೆಗೆ. ವಾಸ ನಮ್ಮ ಜೊತೆಗೆ. ಮೊದಮೊದಲು ಅವರಿಗೂ ನಮಗೂ ಹೊಂದಿಕೊಳ್ಳುವುದು ಕಷ್ಟವಾಯಿತು. ಬೆಳಿಗ್ಗೆ ಐದಕ್ಕೆ ಎದ್ದು ನಳ್ಳಿಯ ನೀರಿಗೆ ಸಾಲು ನಿಲ್ಲುವವರಂತೆ ಬಾವಿಕಟ್ಟೆಗೆ ಓಡುತ್ತಿದ್ದರು. ಇಷ್ಟು ದೊಡ್ಡ ಮನೆಯಲ್ಲಿ ಜಗಲಿಯ ಮೂಲೆಯಲ್ಲಿ ಚಾಪೆಯ ಅಗಲಕ್ಕೆ ಸರಿಯಾಗಿ ಮಲಗುತ್ತಿದ್ದರು. ಅಮ್ಮನಿಗೆ ಅದು ಕೊನೆಯವರೆಗೂ ಬೇಸರ.

ಇಸ್ತ್ರಿ ಮಾವ ಬೊಂಬಾಯಿಯಲ್ಲೇ ತೀರಿಕೊಂಡರು. ಉಳ್ಳಾಲ ಮಾವ ಊರಿಗೆ ಬಂದಿದ್ದರು. ತಿಂಗಳಿಗೊಮ್ಮೆ ಇಬ್ಬರೂ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ಹತ್ತಿರ ಭೇಟಿಯಾಗಿ ಚಹಾ ಕುಡಿಯುವುದು. ಒಮ್ಮೆ ನಾನೂ ಹೋಗಿದ್ದೆ. ಇಬ್ಬರಿಗೂ ತುಳು ಬರುತ್ತದೆ, ಆದರೆ ಕೂತ ಕೂಡಲೇ ಬೊಂಬಾಯಿಯ ಹಿಂದೂಸ್ಥಾನಿ ಶುರು. ಕಿವಿಯ ಕಾರಣ ಅದೂ ಕೂಗಿ. ಅಕ್ಕಪಕ್ಕದವರು ಜಗಳವೆಂದು ತಿರುಗಿ ನೋಡುತ್ತಿದ್ದರು. ಅವರು ಮಾತಾಡುತ್ತಿದ್ದುದು ಬಂಗುಡೆಯ ಬೆಲೆ.

ಅಪ್ಪ ತೀರಿಕೊಂಡದ್ದು 1989ರಲ್ಲಿ, ಒಂದು ನಸುಕಿನಲ್ಲಿ, ನಿದ್ದೆಯಲ್ಲೇ. ನಾನು ಪೋಸ್ಟಾಫೀಸಿನ ಫೋನಿನಿಂದ ಕಾಪುವಿಗೂ ಉಳ್ಳಾಲದ ಅಂಗಡಿಯೊಂದಕ್ಕೂ ತಿಳಿಸಿದೆ. ಅತ್ತೆಗೆ ಆಗ ಎಪ್ಪತ್ತಾರು, ನಡೆಯಲು ಕಷ್ಟ. ಅವರನ್ನು ಕರೆತರಲು ಕಾರು ಹೊಂದಿಸುತ್ತಿದ್ದರು. ಅಷ್ಟರಲ್ಲಿ ಉಳ್ಳಾಲ ಮಾವ ಅವರ ಅಂಗಳಕ್ಕೆ ಬಂದರಂತೆ. ಎರಡು ಬಸ್ಸು ಬದಲಿಸಿ, ಹೆದ್ದಾರಿಯಲ್ಲಿ ಇಳಿದು, ಕೇಳುತ್ತ ಕೇಳುತ್ತ ನಡೆದು ಬಂದಿದ್ದರು. ಕೈಯಲ್ಲಿ ನಾಲ್ಕು ಮಡಿಕೆಯ ಹಳದಿಯಾದ ಕಾಗದ. 1944ರಲ್ಲಿ ಅಪ್ಪನಿಗೆ ಮದುವೆ ಆಗಿರಲಿಲ್ಲ. ಚೀಟಿಯಲ್ಲಿದ್ದ ವಿಳಾಸ ಅವರ ತಾಯಿಯ ಮನೆಯದು. ಅಜ್ಜಿ ಇಲ್ಲವಾದ ಮೇಲೆ ಆ ಸುದ್ದಿ ಸೇರಬೇಕಾದ್ದು ಅತ್ತೆಗೆ.

ಅತ್ತೆಯ ಮಗ ‘ಅಮ್ಮನಿಗೆ ಗೊತ್ತಾಗಿದೆ ಮಾವ, ಫೋನು ಬಂದಿತ್ತು’ ಎನ್ನಲು ಬಾಯಿ ತೆರೆದನಂತೆ. ಅತ್ತೆ ಕೈಯಲ್ಲೇ ಅವನನ್ನು ಸುಮ್ಮನಿರಿಸಿ, ಚಾವಡಿಯ ಕಂಬ ಹಿಡಿದು ಎದ್ದು ನಿಂತರು. ಉಳ್ಳಾಲ ಮಾವ ಚಪ್ಪಲಿ ಕಳಚಿಟ್ಟು, ಟೊಪ್ಪಿ ಸರಿಮಾಡಿಕೊಂಡು, ಮನೆಯ ಹೆಸರು ಓದಿ ಇದೇ ಅಲ್ಲವೇ ಎಂದು ಕೇಳಿ, ಆಮೇಲೆ ಹೇಳಿದರು: ‘ಅಕ್ಕಾ, ನಿಮ್ಮ ತಮ್ಮ ತೀರಿಕೊಂಡ.’ ಅಲ್ಲಿಯವರೆಗೆ ಅಳದೆ ಕೂತಿದ್ದ ಅತ್ತೆ ಅಳತೊಡಗಿದರು.

ಕಾರು ಬಂದ ಮೇಲೆ ಇಬ್ಬರೂ ಅದರಲ್ಲೇ ಶಿರ್ವಕ್ಕೆ ಬಂದರು.